ಹೊಳೆ ಹುಡುಕಿಕೊಂಡು ಹೋಗಿ ನಮ್ಮ ಬೋರಿನ ಹತ್ತಿರ ನಿಂತೆ

ಎಂ.ಎ. ಪತ್ರಿಕೋದ್ಯಮದ ಕೊನೆಗೆ ಒಂದು ಕ್ಷೇತ್ರಕಾರ್ಯದ ಪ್ರಬಂಧ ಬರೆಯಬೇಕಿತ್ತು. ನಾನು ಗುಂಡ್ಲುಹೊಳೆಯನ್ನು ಆರಿಸಿಕೊಂಡೆ. ನಿಜ ಹೇಳುತ್ತೇನೆ, ತಲೆಬರಹವನ್ನು ಮೊದಲೇ ಬರೆದಿಟ್ಟಿದ್ದೆ: 'ಕಾಡು ನುಂಗಿದ ಹೊಳೆ'. ಒಳಗೆ ತುಂಬಿಸುವುದಷ್ಟೇ ಬಾಕಿ ಅಂದುಕೊಂಡಿದ್ದೆ.

ಆ ತಲೆಬರಹ ನನಗೆ ಸಿಕ್ಕಿದ್ದು ತಾತನಿಂದ. ನಮ್ಮದು ಬಂಡೀಪುರ ಕಾಡಿನ ಅಂಚಿನಲ್ಲಿ, ಬೇರಂಬಾಡಿ ಸುತ್ತಿನ ಒಂದು ಊರು. ಊರ ಪಕ್ಕ ಒಂದು ಹಳ್ಳ ಇದೆ. ಈಗ ಅದರ ತುಂಬ ಲಂಟಾನ, ಜಾಲಿ. ನಾನು ಚಿಕ್ಕವಳಿದ್ದಾಗಿನಿಂದ ಅದರಲ್ಲಿ ನೀರು ಕಂಡದ್ದು ಬೆರಳೆಣಿಕೆಯಷ್ಟು ಸಲ. ತಾತ ಮಾತ್ರ ಪ್ರತಿ ಸಲ ಅದನ್ನು ದಾಟುವಾಗ ಒಂದೇ ಮಾತು ಹೇಳುತ್ತಿದ್ದರು. "ಆಗ ಹಳ್ಳ ಸಂಕ್ರಾಂತಿ ಗಂಟ ಹರೀತಿತ್ತು ಕನ ಮಗ. ಎಮ್ಮ ಮೈ ತೊಳೀತಿದ್ದೊ. ಈಗ ಕಾಡೊಳಗ ಎಲ್ಲಾ ಕಡನೂವ ಕಟ್ಟ ಕಟ್ಟವ್ರ. ನೀರೆಲ್ಲ ಅಲ್ಲೇ ನಿಂತೋಯ್ತದ, ನಮಗ ಎಲ್ಲಿ ಬಂದದು?"

ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಎಂಟು ಜನ ಇದನ್ನೇ ಹೇಳುತ್ತಾರೆ. ಕಾಡಿನ ಮೇಲೆ ನಮಗೆ ಸಿಟ್ಟು ಇರುವುದಕ್ಕೆ ಕಾರಣಗಳೂ ಇವೆ. ಆನೆ ಬಂದು ಬಾಳೆ ತುಳಿಯುತ್ತದೆ, ಹಂದಿ ಬಂದು ಗೆಣಸು ಅಗೆಯುತ್ತದೆ. ಹಾಗಿರುವಾಗ ನೀರನ್ನೂ ಕಾಡೇ ಕಿತ್ತುಕೊಂಡಿತು ಎನ್ನುವುದು ಯಾರ ಕಿವಿಗೂ ಸರಿಯಾಗಿಯೇ ಕೇಳುತ್ತದೆ. ನನಗೂ ಕೇಳಿತು. ಪತ್ರಿಕೆಗೆ ಬೇಕಾದ ಎಲ್ಲವೂ ಅದರಲ್ಲಿತ್ತು: ಬಡ ರೈತ, ದೊಡ್ಡ ಇಲಾಖೆ, ಬತ್ತಿದ ಹೊಳೆ.

ಕೆಲಸ ಶುರು ಮಾಡಿದ್ದು 2023ರ ಆಗಸ್ಟ್‌ನಲ್ಲಿ. ಅದು ಬರದ ವರ್ಷ. ಹಿಂದಿನ ವರ್ಷ, 2022ರಲ್ಲಿ, ನಮ್ಮ ಜಿಲ್ಲೆಯಲ್ಲಿ ಮಳೆ ಹೇಗೆ ಸುರಿದಿತ್ತು ಎಂದು ನಿಮಗೆಲ್ಲ ನೆನಪಿರಬೇಕು, ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಬಿದ್ದಿದ್ದವು. ಒಂದೇ ವರ್ಷದಲ್ಲಿ ಎಲ್ಲ ತಲೆಕೆಳಗಾಗಿತ್ತು.

ಮೊದಲು ಹೊಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟ 1454 ಮೀಟರ್ ಎತ್ತರ, ಬಂಡೀಪುರದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ. ಆ ಬೆಟ್ಟಸಾಲಿನ ದಕ್ಷಿಣಕ್ಕೆ ಇಳಿಯುವ ನೀರು ಮೋಯಾರ್ ಕಡೆ ಹೋಗುತ್ತದೆ. ಮೋಯಾರ್ ಅಂದರೆ ನಮ್ಮ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೈಗೂ ಗಡಿ ಹಾಕಿರುವ ಕಣಿವೆಯ ಹೊಳೆ. ಅದು ಭವಾನಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ಉತ್ತರಕ್ಕೆ ಇಳಿಯುವ ಹಳ್ಳಗಳೆಲ್ಲ ಸೇರಿ ಗುಂಡ್ಲುಹೊಳೆ. ಅದು ಗುಂಡ್ಲುಪೇಟೆ ಹಾದು ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ. ಪುರಾಣದಲ್ಲಿ ಅದಕ್ಕೆ ಕೌಂಡಿನ್ಯ ಎಂದು ಹೆಸರು. ನಂಜನಗೂಡಿನ ಸಂಗಮದಲ್ಲಿ ಮುಳುಗು ಹಾಕುವ ಭಕ್ತರಲ್ಲಿ ನಾನು ಮಾತನಾಡಿಸಿದ ಒಬ್ಬರಿಗೂ, ಕಪಿಲೆ ಜೊತೆ ಇಲ್ಲಿ ಸೇರುವ ಇನ್ನೊಂದು ಹೊಳೆ ಗುಂಡ್ಲುಪೇಟೆಯಿಂದ ಬರುತ್ತದೆ ಎಂದು ಗೊತ್ತಿರಲಿಲ್ಲ. ಬರುವುದೂ ಅಪರೂಪವೇ ಬಿಡಿ.

ಇನ್ನು ಕಾಡು. ಒಳಗೆ ಕಾಲಿಡಲು ಅನುಮತಿ ಬೇಕು, ನನ್ನ ಬಳಿ ಇರಲಿಲ್ಲ. ಕೊನೆಗೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ. ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಕಾಡು ಶುರು, ಮೂಲೆಹೊಳೆ ಚೆಕ್‌ಪೋಸ್ಟ್ ದಾಟಿದರೆ ಕೇರಳ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡದ ರಸ್ತೆ ಅದು. ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ನೋಡಿದೆ. ರಸ್ತೆ ಪಕ್ಕ ಕಂಡ ಹಳ್ಳಗಳಲ್ಲಿ ಮರಳು, ಒಣ ಎಲೆ. ಒಂದು ಕಡೆ ನೀರಿನ ಹೊಂಡದ ಬಳಿ ನಾಲ್ಕು ಜಿಂಕೆ. ನನ್ನ ಕ್ಷೇತ್ರಕಾರ್ಯದ ಕಾಡಿನ ಭಾಗ ಇಷ್ಟೇ, ಹೋಗಿ ಬರುವ ಟಿಕೆಟ್‌ನಷ್ಟು.

ಆ ಹೊಂಡ ನೋಡಿ ತಾತ ಹೇಳಿದ್ದು ಸರಿ ಅನ್ನಿಸಿತು. ಕಾಡಲ್ಲಿ ಕಟ್ಟೆಗಳಿವೆ, ಸೋಲಾರ್ ಪಂಪ್ ಇಟ್ಟು ನೀರು ತುಂಬಿಸುವ ಹೊಂಡಗಳೂ ಇವೆ, ಸುಳ್ಳಲ್ಲ. ಫೋಟೋ ತೆಗೆದುಕೊಂಡೆ.

ಬುಡ ಅಲುಗಾಡಿದ್ದು ಟೇಪ್ ಅಣ್ಣನಿಂದ.

ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನಮ್ಮ ಊರಿಗೆ ತಿಂಗಳಿಗೊಮ್ಮೆ ಒಬ್ಬರು ಬೈಕಿನಲ್ಲಿ ಬರುತ್ತಾರೆ. ಬೋರಿನ ಬಾಯಿಗೆ ಉದ್ದನೆಯ ಅಳತೆ ಟೇಪು ಇಳಿಬಿಡುತ್ತಾರೆ. ತುದಿ ನೀರಿಗೆ ತಾಗಿದಾಗ ಪೀಂ ಅನ್ನುತ್ತದೆ. ಅಷ್ಟನ್ನು ಪುಸ್ತಕದಲ್ಲಿ ಬರೆದುಕೊಂಡು, ಕೆಲವು ಸಲ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗುತ್ತಾರೆ. ಮಕ್ಕಳೆಲ್ಲ ಅವರನ್ನು ಟೇಪ್ ಅಣ್ಣ ಎನ್ನುತ್ತಿದ್ದೆವು. ಅವರು ಯಾಕೆ ಬರುತ್ತಾರೆ ಎಂದು ಅಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಪತ್ರಿಕೋದ್ಯಮ ಓದಿದವಳು, ನನ್ನ ಮನೆ ಬಾಗಿಲಿಗೇ ಬರುವ ಸುದ್ದಿಯನ್ನು ಕೇಳಿರಲಿಲ್ಲ.

ಕೇಳಿದಾಗ ಗೊತ್ತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮತ್ತು ಫ್ರಾನ್ಸಿನ ಸಂಶೋಧಕರು ಸೇರಿ ನಮ್ಮ ಕಡೆ ಎರಡು ಜಾಗ ಇಟ್ಟುಕೊಂಡಿದ್ದಾರೆ. ಒಂದು ಬಂಡೀಪುರದ ಕಾಡೊಳಗೆ ಮೂಲೆಹೊಳೆ, ಸುಮಾರು 4 ಚದರ ಕಿಲೋಮೀಟರ್. ಅಲ್ಲಿ 2003ರಿಂದ ಮಳೆ, ಹಳ್ಳದ ನೀರು, ಅಂತರ್ಜಲ ಎಲ್ಲ ಅಳೆಯುತ್ತಿದ್ದಾರೆ. ಇನ್ನೊಂದು ನಮ್ಮ ಬೇರಂಬಾಡಿ ಹಳ್ಳದ ಇಡೀ ಜಲಾನಯನ, 84 ಚದರ ಕಿಲೋಮೀಟರ್, ಕಾಡಂಚು ಬಿಟ್ಟರೆ ಬಹುಪಾಲು ಹೊಲ. ಮೇಲೆ ಕಾಡು, ಕೆಳಗೆ ರೈತರು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಅವರ ಲೆಕ್ಕ. ಪಿಎಚ್.ಡಿ. ಮಾಡುವ ಎಷ್ಟೋ ವಿದ್ಯಾರ್ಥಿಗಳು ನಮ್ಮ ಬೋರುಗಳ ಮೇಲೆಯೇ ಪ್ರಬಂಧ ಬರೆದಿದ್ದಾರೆ. ನನಗೆ ಸಿಕ್ಕವೆಲ್ಲ ಇಂಗ್ಲಿಷಿನಲ್ಲಿದ್ದವು.

ಬಂಡೀಪುರಕ್ಕೆ ವಿದ್ಯಾರ್ಥಿಗಳು ಬರುವುದು ಹೊಸದೇನಲ್ಲ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಇದೇ ಕಾಡಿನಲ್ಲಿ ಕೆನ್ನಾಯಿಗಳ ಹಿಂದೆ ನಡೆದರು. ಆರ್. ಸುಕುಮಾರ್ 80ರ ದಶಕದ ಆರಂಭದಲ್ಲಿ ನಮ್ಮ ಜಿಲ್ಲೆಯ ಕಾಡುಗಳಲ್ಲಿ ಆನೆಗಳ ಮೇಲೆ, ಆನೆ ನುಗ್ಗುವ ಹೊಲಗಳ ಮೇಲೆ ಅಧ್ಯಯನ ಮಾಡಿದರು. ನಮ್ಮ ಹಳ್ಳದ ಮೇಲೆ, ನಮ್ಮ ಬೋರಿನ ಮೇಲೆ ಬರೆದವರೂ ಇದ್ದಾರೆ ಎನ್ನುವುದು ಮಾತ್ರ ನನಗೆ ಹೊಸದು.

ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಮೂಲೆಹೊಳೆ ಪ್ರಬಂಧಗಳಿಂದ ನನಗೆ ಅರ್ಥವಾದದ್ದು ಹೀಗಿದೆ.

ಅಲ್ಲಿ ವರ್ಷಕ್ಕೆ ಸುಮಾರು 1100 ಮಿಲಿಮೀಟರ್ ಮಳೆ. ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಮರಗಳ ಮೂಲಕ, ನೆಲದ ಮೂಲಕ ಮತ್ತೆ ಆವಿಯಾಗಿ ಗಾಳಿಗೆ ಹೋಗುತ್ತದೆ. ಮತ್ತಿ, ದಿಂಡಿಗ, ತೇಗದ ಬೇರುಗಳು ತುಂಬ ಆಳಕ್ಕೆ ಇಳಿದು ನೀರು ಕುಡಿಯುತ್ತವೆ. ಹಳ್ಳದಲ್ಲಿ ಹರಿದು ಹೊರಗೆ ಬರುವುದು ಸಣ್ಣ ಪಾಲು, ಅದೂ ಜೋರು ಮಳೆ ಬಂದ ದಿನಗಳಲ್ಲಿ. ಅಂತರ್ಜಲ ಹಳ್ಳದ ತಳಕ್ಕಿಂತ ಬಹಳ ಕೆಳಗೇ ಇರುತ್ತದೆ. ಅಂದರೆ ಕಾಡಿನ ಆ ಹಳ್ಳಕ್ಕೆ ನೆಲದೊಳಗಿನ ನೀರು ಒಸರುವುದೇ ಇಲ್ಲ. ಬದಲಿಗೆ ಹಳ್ಳದ ನೀರೇ ನೆಲಕ್ಕೆ ಇಂಗುತ್ತದೆ.

ಇದನ್ನು ಮೂರು ಸಲ ಓದಿದೆ. ಕಾಡಿನ ಹಳ್ಳ ಮಳೆ ನಿಂತ ಮೇಲೆ ಹರಿಯುವುದೇ ಇಲ್ಲ ಎಂದರೆ, ಸಂಕ್ರಾಂತಿವರೆಗೆ ನಮ್ಮೂರ ಹಳ್ಳದಲ್ಲಿ ಹರಿಯುತ್ತಿದ್ದ ನೀರು ಕಾಡಿನಿಂದ ಬಂದದ್ದಲ್ಲ. ಕಾಡಿನ ಕಟ್ಟೆ ಒಡೆದು ಹಾಕಿದರೂ ಅದು ಬರುವುದಿಲ್ಲ. ಹಾಗಾದರೆ ತಾತ ಎಮ್ಮೆ ಮೈ ತೊಳೆದ ನೀರು ಯಾವುದು?

ಟೇಪ್ ಅಣ್ಣ ನಮ್ಮ ಹೊಲದ ಹಾಳು ಬಾವಿಯ ಕಡೆ ಕೈ ತೋರಿಸಿದರು. "ಅದು ಮೊದಲು ಎಷ್ಟು ತುಂಬ್ತಿತ್ತು ಅಂತ ಕೇಳಿ."

ಕೇಳಿದೆ. ಬಾವಿ 38 ಅಡಿ. ತಾತ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಮಳೆಗಾಲ ಮುಗಿದಾಗ ಬಗ್ಗಿ ಚೊಂಬಿನಲ್ಲಿ ಮೊಗೆಯುವಷ್ಟು ಮೇಲಿರುತ್ತಿತ್ತಂತೆ. ಹೊಲದಲ್ಲಿ ಬೆಳೆ ಮಳೆ ನೀರಿನ ಜೋಳ, ರಾಗಿ, ಹುರುಳಿ. ಬೆಳೆ ನಾಲ್ಕು ತಿಂಗಳು ಕುಡಿದು ಮುಗಿಸಿದರೆ ಮಿಕ್ಕ ಮಳೆ ನೆಲಕ್ಕೆ ಇಳಿಯುತ್ತಿತ್ತು. ಮರದಂತೆ ವರ್ಷವಿಡೀ ಕುಡಿಯುವವರು ಹೊಲದಲ್ಲಿ ಇರಲಿಲ್ಲ. ನೆಲ ತುಂಬಿದಾಗ ತಗ್ಗಿನಲ್ಲಿರುವ ಹಳ್ಳಕ್ಕೆ ಒಸರು. ಆ ಒಸರೇ ಸಂಕ್ರಾಂತಿವರೆಗಿನ ಹೊಳೆ. (ಇದನ್ನು ಹಿಡಿದುಕೊಂಡು ಕಾಡು ಕಡಿದರೆ ನೀರು ಬರುತ್ತದೆ ಎಂದು ಯಾರೂ ಹೊರಡಬೇಡಿ. ಕಡಿದ ಜಾಗದಲ್ಲಿ ನಾವು ಬೋರು ಹಾಕುತ್ತೇವೆ, ಅಷ್ಟೇ ಆಗುವುದು.)

ಆಮೇಲೆ ಬೋರು ಬಂದವು. ನಮ್ಮ ಮೂರು ಎಕರೆ ಇಪ್ಪತ್ತು ಗುಂಟೆಯ ಲೆಕ್ಕವನ್ನು ಅಪ್ಪ ಬಾಯಲ್ಲೇ ಹೇಳಿದರು. 1994ರಲ್ಲಿ ಮೊದಲ ಬೋರು, 160 ಅಡಿ. ಅದು ನಿಂತ ಮೇಲೆ 2004ರಲ್ಲಿ 320. 2013ರಲ್ಲಿ 540, ಈಗ ಓಡುತ್ತಿರುವುದು ಇದೇ. 2017ರಲ್ಲಿ 780 ಅಡಿ ಕೊರೆಸಿದರು, ಬರೀ ಧೂಳು. ಆ ಧೂಳಿಗೆ ಅವ್ವನ ಸರ, ಬಳೆ ಅಡ ಹೋದವು. ಒಟ್ಟು 1800 ಅಡಿ ನೆಲ ತೂತು ಮಾಡಿದ್ದೇವೆ, ಒಂದೇ ಮನೆಯವರು. ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ. ನೀರು ನಿಲ್ಲುವುದು ಮೇಲಿನ ಗರಸಿನ ಪದರದಲ್ಲಿ, ಅದರ ಕೆಳಗಿನ ಕಲ್ಲಿನ ಬಿರುಕುಗಳಲ್ಲಿ. ಕೆಳಗೆ ಹೋದಷ್ಟೂ ಬಿರುಕು ಕಡಿಮೆ. 780 ಅಡಿಯಲ್ಲಿ ಇನ್ನೊಂದು ಕೆರೆ ಕಾದು ಕುಳಿತಿರುವುದಿಲ್ಲ. ತೆಂಗಿನಕಾಯಿ ಅಂಗೈಲಿ ಇಟ್ಟು ನೀರು ತೋರಿಸಿದವರು ಅದನ್ನು ಹೇಳಿರಲಿಲ್ಲ.

ಯಾರನ್ನು ಬೈಯುವುದು? 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಟೊಮೆಟೊ ಇವೆಲ್ಲ ಬೋರು ಇದ್ದವರ ಬೆಳೆ. ನನ್ನ ಕಾಲೇಜು ಫೀಸು ಕಟ್ಟಿದ್ದು ಅರಿಶಿನ. ಬೋರು ಇಲ್ಲದಿದ್ದರೆ ನಾನು ಈ ಪ್ರಬಂಧ ಬರೆಯುವ ಕ್ಲಾಸಿನಲ್ಲೇ ಇರುತ್ತಿರಲಿಲ್ಲ. ಹೀಗೆ ತಾಲ್ಲೂಕಿನ ತುಂಬ ಬೋರು ಇಳಿದು, ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಗುಂಡ್ಲುಪೇಟೆ ಅತಿಬಳಕೆಯ ತಾಲ್ಲೂಕು ಎಂದು ಸೇರಿತು. ನೆಲದ ನೀರು ಹಳ್ಳದ ತಳಕ್ಕಿಂತ ಕೆಳಗೆ ಹೋಯಿತು, ಒಸರು ನಿಂತಿತು. ಮೇಲೆ ಕಾಡಿನಲ್ಲಿ ಮರದ ಬೇರು ಮಾಡುವ ಕೆಲಸವನ್ನು ಕೆಳಗೆ ನಮ್ಮ ಪಂಪು ಮಾಡಿದೆ.

'ಕಾಡು ನುಂಗಿದ ಹೊಳೆ' ಅಳಿಸಿದೆ. ಗೈಡ್ ಮೇಡಂಗೆ ಫೋನ್ ಮಾಡಿ, ನನ್ನ ವಿಷಯ ಕೈಕೊಟ್ಟಿತು ಅಂದೆ. "ವಿಷಯ ಕೈಕೊಟ್ಟಿಲ್ಲ, ಈಗ ಸಿಕ್ತು. ಬರೆ" ಅಂದರು.

ಇಷ್ಟಕ್ಕೇ ಮುಗಿದಿದ್ದರೆ ಪ್ರಬಂಧ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಆ ಪ್ರಬಂಧಗಳ ರಾಶಿಯಲ್ಲಿ ಇನ್ನೊಂದಿತ್ತು, 2017ರದ್ದು. ಬೇರಂಬಾಡಿ ಜಲಾನಯನದ ಸುಮಾರು 200 ಬೋರುಗಳ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ನೋಡಿದ್ದು. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಇದ್ದ ಬೋರು ಇತ್ತು, 360 ಇದ್ದ ಬೋರೂ ಇತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. ಕಾರಣ ಬೇರೆ ಎಲ್ಲೂ ಇಲ್ಲ, ನಾವು ಹೊಲಕ್ಕೆ ಹಾಕುವ ಯೂರಿಯಾ, ಕಾಂಪ್ಲೆಕ್ಸ್ ಗೊಬ್ಬರ, ಕೊಟ್ಟಿಗೆ ಗೊಬ್ಬರ. ಬೆಳೆ ಕುಡಿಯದೆ ಬಿಟ್ಟದ್ದು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಹೊಳೆ ಹರಿಯುತ್ತಿದ್ದಾಗ ಅದರಲ್ಲಿ ಸ್ವಲ್ಪ ತೊಳೆದು ಹೋಗುತ್ತಿತ್ತು. ಈಗ ಹೊರಗೆ ಹೋಗುವ ದಾರಿಯಿಲ್ಲ. ಅದೇ ನೀರನ್ನು ಎತ್ತಿ ಅದೇ ಹೊಲಕ್ಕೆ ಬಿಡುತ್ತೇವೆ, ಅದು ಮತ್ತೆ ಇಳಿಯುತ್ತದೆ, ಮತ್ತೆ ಎತ್ತುತ್ತೇವೆ. ಸುತ್ತು ಹೊಡೆದಷ್ಟೂ ಗಟ್ಟಿಯಾಗುತ್ತದೆ.

ಇದನ್ನು ಓದುವಾಗ ಮನೆಯಲ್ಲಿ ಅಕ್ಕನ ಬಾಣಂತನ. ಮಗುವಿಗೆ ಎರಡು ತಿಂಗಳು. ಎದೆಹಾಲು ಸಾಲದು ಎಂದು ದಿನಕ್ಕೆ ಎರಡು ಸಲ ಡಬ್ಬಿ ಪುಡಿ ಕಲಸಿ ಕೊಡುತ್ತಿದ್ದರು. ಊರಿನ ಶುದ್ಧ ನೀರಿನ ಘಟಕ ಆಗ ಕೆಟ್ಟು ನಿಂತಿತ್ತು. ಪುಡಿ ಕಲಸುತ್ತಿದ್ದದ್ದು ನಮ್ಮ ಬೋರಿನ ನೀರಿನಲ್ಲಿ.

ಆರು ತಿಂಗಳೊಳಗಿನ ಕೂಸಿಗೆ ನೈಟ್ರೇಟ್ ಜಾಸ್ತಿಯಾದರೆ ರಕ್ತಕ್ಕೆ ಉಸಿರು ಹೊರುವ ಶಕ್ತಿ ಕಡಿಮೆಯಾಗುತ್ತದೆ, ತುಟಿ, ಉಗುರು ನೀಲಿಯಾಗುತ್ತವೆ. ನಾನು ಫೋನ್ ಹಿಡಿದುಕೊಂಡೇ ಅಡುಗೆ ಮನೆಗೆ ಓಡಿದೆ.

"ಕುದಿಸಿವ್ನಿ ಕನ, ಮೂರ್ ಸಲ ಕುದಿಸಿವ್ನಿ" ಅಂದರು ಅವ್ವ.

ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಮೂರು ಸಲ ಕುದಿಸಿದ್ದು ಅವ್ವನ ಪ್ರೀತಿ. ಅದನ್ನು ಹೇಗೆ ಹೇಳುವುದು? ಹೇಳಿದೆ. ಅವ್ವ ಪಾತ್ರೆ ಕೆಳಗಿಟ್ಟು ಮಗುವಿನ ಉಗುರು ನೋಡಿದರು. ಕೆಂಪಗೇ ಇತ್ತು. ಆದರೂ ಎರಡು ದಿನ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಮಗುವಿಗೆ ನಾನೇ ಏನೋ ಮಾಡಿದೆ ಅನ್ನುವ ಹಾಗೆ.

ಅವತ್ತೇ ಸಂಜೆ ಅಪ್ಪ ಪಕ್ಕದ ಊರಿನ ಘಟಕದಿಂದ 20 ಲೀಟರಿನ ಕ್ಯಾನ್ ತಂದರು. ಆರ್.ಒ. ಯಂತ್ರ ನೈಟ್ರೇಟನ್ನು ಬಹಳಷ್ಟು ತೆಗೆಯುತ್ತದೆ. ಬಟ್ಟೆಯಲ್ಲಿ ಸೋಸುವುದು, ತಾಮ್ರದ ಕೊಡದಲ್ಲಿ ಇಡುವುದು ತೆಗೆಯುವುದಿಲ್ಲ. ಮರುವಾರ ಮೂರು ಬಾಟಲಿ ನೀರು ಮೈಸೂರಿನ ಲ್ಯಾಬಿಗೆ ಕೊಟ್ಟು ಬಂದೆ. ನಮ್ಮ ಬೋರು 112. ಕಾಡಿಗೆ ಅಂಟಿಕೊಂಡಿರುವ ದೊಡ್ಡಪ್ಪನ ಹೊಲದ ಬೋರು 9. ಕ್ಯಾನಿನ ನೀರು 11. ಕಾಡಿನ ಪಕ್ಕದ್ದೇ ಚೆನ್ನಾಗಿದೆ ಎಂದು ತಾತನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಬೀಡಿ ಹಚ್ಚಿದರು.

ಅಪ್ಪನ ತಲೆಯಲ್ಲಿ ಇದ್ದದ್ದು ಬೇರೆ. ಐದನೇ ಬೋರು. ಸಾವಿರ ಅಡಿ, ಪಂಪು ಪೈಪು ಸೇರಿ ಎರಡು ಲಕ್ಷದ ಮೇಲಿನ ಮಾತು. ರಿಗ್ ಲಾರಿಯವರ ಜೊತೆ ಮಾತಾಗಿತ್ತು, ಸೊಸೈಟಿ ಸಾಲದ ಮಾತೂ ಆಗಿತ್ತು. "ಅರಿಶಿನ ಒಣಗ್ತದ. ಬೋರು ಹಾಕ್ಸದೆ ಇನ್ನೇನ್ ಮಾಡದು? ನಿನ್ ಪೇಪರ್ ಓದ್ಕಂಡು ಕುಂತ್ರ ಹೊಟ್ಟ ತುಂಬ್ತದಾ?"

ಉತ್ತರ ಇರಲಿಲ್ಲ. ಬೋರು ಹಾಕಬೇಡಿ ಎಂದು ಹೇಳುವುದು ಸುಲಭ, ಮುಂದಿನ ಬೆಳೆ ನನ್ನದಲ್ಲವಲ್ಲ. ಹೇಳಲು ಬೇರೆ ಏನೂ ತೋಚದೆ 112 ಎಂಬ ಅಂಕಿಯನ್ನೇ ಹಿಡಿದುಕೊಂಡು ಲೆಕ್ಕ ಹಾಕಲು ಕುಳಿತೆ. ಅದು ಕುಡಿಯುವವರಿಗೆ ವಿಷ, ಬೆಳೆಗೆ ಅಲ್ಲ. ಬೆಳೆಗೆ ಅದು ಗೊಬ್ಬರವೇ.

ಅಂಗಳದಲ್ಲಿ 200 ಲೀಟರಿನ ಡ್ರಮ್ ಇಟ್ಟು, ಪಂಪಿನ ಪೈಪ್ ಬಿಟ್ಟು, ಮೊಬೈಲಿನಲ್ಲಿ ಸಮಯ ನೋಡಿದೆ. ತುಂಬಲು 2 ನಿಮಿಷ 24 ಸೆಕೆಂಡು. ಅಂದರೆ ಗಂಟೆಗೆ 5,000 ಲೀಟರ್. ದಿನಕ್ಕೆ ತ್ರೀ ಫೇಸ್ ಏಳು ಗಂಟೆ ಬಂದರೆ 35,000 ಲೀಟರ್. 112 ಮಿಲಿಗ್ರಾಂ ನೈಟ್ರೇಟಿನಲ್ಲಿ ಸಾರಜನಕ ಸುಮಾರು 25 ಮಿಲಿಗ್ರಾಂ, ಹಾಗಾಗಿ ಒಂದು ಲಕ್ಷ ಲೀಟರ್ ನೀರಿನಲ್ಲಿ ಎರಡೂವರೆ ಕಿಲೋ. 45 ಕಿಲೋ ಯೂರಿಯಾ ಚೀಲದಲ್ಲಿ ಇರುವ ಸಾರಜನಕ 20 ಕಿಲೋ ಚಿಲ್ಲರೆ. ಭಾಗಿಸಿದರೆ ಎಂಟು ಲಕ್ಷ ಲೀಟರಿಗೆ ಒಂದು ಚೀಲ. ನಮ್ಮ ಪಂಪು 23-24 ದಿನ ಓಡಿದರೆ ಒಂದು ಚೀಲ ಯೂರಿಯಾ ಪೈಪಿನಲ್ಲೇ ಬಂದು ಹೊಲಕ್ಕೆ ಬೀಳುತ್ತಿದೆ. ನಾವು ಅದರ ಮೇಲೆ ಇನ್ನೊಂದು ಚೀಲ ಹಾಕುತ್ತಿದ್ದೇವೆ.

ಲೆಕ್ಕವನ್ನು ಅಪ್ಪ ಎರಡು ಸಲ ಕೇಳಿಸಿಕೊಂಡರು. ಚೀಲಕ್ಕೆ 266 ರೂಪಾಯಿ, ಅದೇನು ದೊಡ್ಡ ಉಳಿತಾಯ ಎಂದರು. ಸರಿ, ಹಣದ ಲೆಕ್ಕದಲ್ಲಿ ಅದು ಸಣ್ಣದೇ. ಅಗ್ಗ ಇರುವುದರಿಂದಲೇ ನಾವು ಕೈ ಬಿಚ್ಚಿ ಹಾಕುವುದು. ಆದರೆ ಒಂದು ಮಾತಿಗೆ ಒಪ್ಪಿದರು: ಅರಿಶಿನದ ಹತ್ತು ಸಾಲಿಗೆ ಕೊನೆಯ ಕಂತಿನ ಯೂರಿಯಾ ಹಾಕುವುದಿಲ್ಲ. ಪಕ್ಕದ ಹತ್ತು ಸಾಲಿಗೆ ಎಂದಿನಂತೆ. ಎರಡಕ್ಕೂ ಅದೇ ಡ್ರಿಪ್. ನೋಡೋಣ. ಬೋರಿನ ಮಾತನ್ನೂ ಅರಿಶಿನ ಕಿತ್ತ ಮೇಲೆ ನೋಡೋಣ.

ಒಂದು ತಿಂಗಳು ದಾರಿಯಲ್ಲಿ ಹೋಗುವವರೆಲ್ಲ ಆ ಹತ್ತು ಸಾಲಿನ ಎಲೆ ಹಳದಿಯಾಗಿದೆ ಎಂದು ಹೇಳಿ ಹೋದರು. ನನಗೂ ಹಳದಿಯಾಗಿಯೇ ಕಾಣುತ್ತಿತ್ತು, ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ.

ಫೆಬ್ರವರಿಯಲ್ಲಿ ಕಿತ್ತೆವು. ಯೂರಿಯಾ ಹಾಕಿದ ಹತ್ತು ಸಾಲಿನಲ್ಲಿ 212 ಕಿಲೋ ಹಸಿ ಗೆಡ್ಡೆ, ಹಾಕದ ಹತ್ತು ಸಾಲಿನಲ್ಲಿ 207. ಇದು ನಮ್ಮ ಒಂದು ಹೊಲದ, ಇಪ್ಪತ್ತು ಸಾಲಿನ, ಒಂದು ವರ್ಷದ ಕಥೆ. ಇದನ್ನು ನೋಡಿ ನಾಳೆಯೇ ಯೂರಿಯಾ ಬಿಡಬೇಡಿ. ನಿಮ್ಮ ಬೋರಿನದು 9 ಇರಬಹುದು, ಆಗ ಬೆಳೆ ಸೊರಗುತ್ತದೆ. ಮೊದಲು ನೀರು ಪರೀಕ್ಷೆ ಮಾಡಿಸಿ, ಅದರ ಚೀಟಿ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮನೆಯಲ್ಲಿ ಚಿಕ್ಕ ಕೂಸಿದ್ದರೆ ಬೆಳೆಗಿಂತ ಮೊದಲು ಅದಕ್ಕಾಗಿ ಮಾಡಿಸಿ.

ತೂಕ ನೋಡಿ ಅಪ್ಪ ಅಂದದ್ದು ಇಷ್ಟೇ: "ಐದ್ ಕೆಜಿ ಮಣ್ಣಿದ್ದದು ಬುಡು."

ಪ್ರಬಂಧ ಕೊಟ್ಟಾಯಿತು, ಅಂಕವೂ ಬಂತು. ಒಂದು ಅಭ್ಯಾಸ ಮಾತ್ರ ಉಳಿದಿದೆ. ಟೇಪ್ ಅಣ್ಣ ಹಳೆಯ ಪುಸ್ತಕದಿಂದ ನಮ್ಮ ಬೋರಿನ ಅಳತೆಗಳನ್ನು ನನಗೆ ಬರೆದುಕೊಟ್ಟರು. ಅವನ್ನು ಅಡುಗೆ ಮನೆಯ ಕ್ಯಾಲೆಂಡರಿನ ಹಿಂದೆ ಬರೆದೆ. 2022ರ ಡಿಸೆಂಬರ್, ಆ ದೊಡ್ಡ ಮಳೆಯ ನಂತರ: 118 ಅಡಿ. ಆಗ 1994ರ ಬೋರಿಗೂ ನೀರು ವಾಪಸ್ ಬಂದಿತ್ತು, ಮುಚ್ಚಿದ್ದ ಕಲ್ಲು ಸರಿಸಿ ತಾತ ಒಂದು ಹರಳು ಹಾಕಿ ಡುಬುಕ್ ಅನ್ನುವುದನ್ನು ಕೇಳಿಸಿಕೊಂಡಿದ್ದರು. 2023ರ ನವೆಂಬರ್: 176. ಆಮೇಲಿನವನ್ನು ನಾನೇ ಅಳೆಯುತ್ತೇನೆ, ಹಗ್ಗಕ್ಕೆ ಕಬ್ಬಿಣದ ತುಂಡು ಕಟ್ಟಿ, ಅಡಿಗೊಂದು ಗಂಟು ಹಾಕಿ. ಬೆಳಿಗ್ಗೆ ಕರೆಂಟ್ ಬಂದು ಪಂಪು ಓಡುವ ಮೊದಲು ಅಳೆಯಬೇಕು. ಒಂದು ದಿನ ಕತ್ತಲಲ್ಲಿ ಹೋದಾಗ ಬಾಳೆ ತೋಟದಲ್ಲಿ ಆನೆ ನಿಂತಿತ್ತು. ಅವತ್ತಿನ ಅಳತೆ ಇಲ್ಲ.

2024ರ ಮಾರ್ಚ್ ಮೊದಲ ವಾರ: 214.

ಅದೇ ತಿಂಗಳು ಒಂದು ರಾತ್ರಿ ಪಕ್ಕದ ಹೊಲಕ್ಕೆ ರಿಗ್ ಲಾರಿ ಬಂತು. ನಮ್ಮ ಬೇಲಿಯಿಂದ ಅರವತ್ತು ಅಡಿ ದೂರ. ಆ ಜಮೀನನ್ನು ಶುಂಠಿ ಬೆಳೆಯಲು ಗುತ್ತಿಗೆಗೆ ಕೊಟ್ಟಿದ್ದರು. ಬೆಳಗಿನ ಜಾವದವರೆಗೆ ಆ ಸದ್ದಿಗೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. 620 ಅಡಿಗೆ ನೀರು ಸಿಕ್ಕಿತು ಎಂದು ಹಾಲು ಹಾಕಲು ಬಂದವರು ಹೇಳಿದರು. ಅಪ್ಪ ಜಗುಲಿ ಮೇಲೆ ಕೂತು ಕೇಳಿಸಿಕೊಂಡರು. ನಮ್ಮ ರಿಗ್‌ನವರಿಗೆ ಫೋನ್ ಮಾಡುತ್ತಾರೆ ಎಂದೇ ನಾನು ಅಂದುಕೊಂಡೆ. ಮಾಡಲಿಲ್ಲ, ಮಾಡುವುದಿಲ್ಲ ಎಂದೂ ಹೇಳಲಿಲ್ಲ.

ಅಲ್ಲಿ ಪಂಪು ಕೂರಿಸಿ ಹದಿನೈದು ದಿನವಾದ ಮೇಲೆ ಒಂದು ಬೆಳಿಗ್ಗೆ ನಾನು ಹಗ್ಗ ತೆಗೆದುಕೊಂಡು ಹೊರಟೆ. ಹಿಂದೆ ಅಪ್ಪನೂ ಬಂದರು. ಹಗ್ಗ ಇಳಿಬಿಟ್ಟೆ, ಗಂಟು ಎಣಿಸಿದೆ. 231. ಸರಿಯಾಗಿ ಎಣಿಸಿದ್ದೀಯಾ ಎನ್ನುವಂತೆ ಅಪ್ಪ ನೋಡಿದರು. ಹಗ್ಗ ಮೇಲೆತ್ತಿ ಒದ್ದೆಯಾದ ಗಂಟನ್ನು ಅವರೇ ಕೈಯಲ್ಲಿ ಹಿಡಿದು ಇನ್ನೊಮ್ಮೆ ಎಣಿಸಿದರು.

"ಬರ್ಕೊ" ಅಂದರು.